‘ಫ್ರೀ’ ಸೀಟ್ ಕವರಿನ ಅಡಿಯ ಎಡಗೈ ಗಂಟು

ಬೆಳಗಿನ ಐದೂವರೆ. ಕಾರು ಶೋರೂಮುಗಳ ಸಾಲಿನ ಹಿಂಬದಿಯ ಓಣಿಯಲ್ಲಿ ಒಂದೇ ಒಂದು ಷಟರ್ ಅರ್ಧ ಮೇಲೆದ್ದಿದೆ. ಬಗ್ಗಿ ಒಳಗೆ ಹೋದರೆ ಮೊದಲು ಮೂಗಿಗೆ ಬಡಿಯುವುದು ಹೊಸ ರೆಕ್ಸಿನ್ನಿನ ವಾಸನೆ. ಆಮೇಲೆ ಕಾಣುವುದು ನೆಲದ ಮೇಲೆ ಮಂಡಿಯೂರಿ ಕೂತ ಹೆಂಗಸು. ಬಾಯಲ್ಲಿ ಎರಡು ಗುಂಡುಸೂಜಿ, ಎಡಗೈಯಲ್ಲಿ ದಪ್ಪ ಕತ್ತರಿ. ಗುಜರಿಯಿಂದ ತಂದ ಎಸ್‌ಯುವಿಯ ಮುಂದಿನ ಸೀಟೊಂದು ಕೋಣೆಯ ನಟ್ಟನಡುವೆ ಗತ್ತಿನಿಂದ ಕೂತಿದೆ. ಅದಕ್ಕೆ ಕಪ್ಪು ಕವರು ತೊಡಿಸಿ, ಎಳೆದು, ಮೂಲೆ ಸರಿಮಾಡಿ, ಸೀಟಿನ ಅಡಿಗೆ ಕೈ ತೂರಿಸಿ ಆಕೆ ಎಲಾಸ್ಟಿಕ್ಕಿನ ತುದಿಗೆ ಗಂಟು ಹಾಕುತ್ತಾರೆ. ಕಣ್ಣು ನನ್ನ ಮೇಲೆ, ಕೈ ಅಡಿಯಲ್ಲಿ. ಮೂರು ಸುತ್ತು, ಒಂದು ಎಳೆತ, ಮುಗಿಯಿತು.

“ಕೂತ್ಕೊಳ್ಳಿ,” ಎನ್ನುತ್ತಾರೆ. ಎಲ್ಲಿ ಎಂದು ನಾನು ಅತ್ತಿತ್ತ ನೋಡುತ್ತೇನೆ. “ಅದರ ಮೇಲೇನೇ. ಇಲ್ಲಿಗೆ ಬರೋರಿಗೆಲ್ಲ ಅದೇ ಕುರ್ಚಿ. ಹೊಲಿಗೆ ಬಿಡೋದಾದ್ರೆ ಇಲ್ಲೇ ಬಿಡ್ಲಿ, ಗಿರಾಕಿ ಕೂತಾಗ ಬಿಡೋದು ಬೇಡ.”

ಓಣಿಯ ಬಾಯಲ್ಲಿ ಇವರು ಕವರ್ ಅಕ್ಕ. ವಯಸ್ಸು ಐವತ್ತೊಂದು. ಹತ್ತಡಿಗೆ ಹನ್ನೆರಡಡಿಯ ಈ ಕೋಣೆಯಲ್ಲಿ ಹದಿನೇಳು ವರ್ಷಗಳಿಂದ ಕಾರಿನ ಸೀಟುಗಳಿಗೆ ಬಟ್ಟೆ ಹೊಲಿಯುತ್ತಿದ್ದಾರೆ. ಗೋಡೆಯ ಮೊಳೆಗಳಿಗೆ ರಟ್ಟಿನ ಅಳತೆಗಳು ನೇತುಬಿದ್ದಿವೆ. ಯಾವ ಗಾಡಿಯ ಯಾವ ಸೀಟು ಎಂದು ಅವುಗಳ ಮೇಲೆ ಸೀಮೆಸುಣ್ಣದಲ್ಲಿ ಬರೆದಿದೆ. ಮೂಲೆಯಲ್ಲಿ ಮೋಟಾರು ಜೋಡಿಸಿದ ಹೊಲಿಗೆ ಯಂತ್ರ, ಅದರ ಪಕ್ಕದಲ್ಲಿ ಸ್ಪಂಜಿನ ಸುರುಳಿ, ಸುರುಳಿಗೆ ಒರಗಿಕೊಂಡು ರೆಕ್ಸಿನ್ ಕತ್ತರಿಸುವ ನಾದಿನಿ. ಇಬ್ಬರೂ ಸೇರಿ ದಿನಕ್ಕೆ ಮೂರು ಸೆಟ್ ಮುಗಿಸುತ್ತಾರೆ. ಏಳು ಜನ ಕೂರುವ ಎಸ್‌ಯುವಿಯ ಒಂದು ಸೆಟ್‌ಗೆ ಹದಿನಾಲ್ಕು ತುಂಡು, ಇಪ್ಪತ್ತೆರಡು ಗಂಟು.

ಆ ಒಂದು ಸೆಟ್‌ಗೆ ಶೋರೂಮಿನವರು ಅಕ್ಕನಿಗೆ ಕೊಡುವುದು ನಾಲ್ಕು ಸಾವಿರದ ಇನ್ನೂರು. ರೆಕ್ಸಿನ್, ಸ್ಪಂಜು, ದಾರ ಎಲ್ಲ ಅಕ್ಕನದೇ. ಕಳೆದರೆ ಉಳಿಯುವುದು ಏಳು ನೂರು. ಅದೇ ಸೆಟ್ಟು ಓಣಿಯಿಂದ ಮುಖ್ಯರಸ್ತೆಗೆ ಹೋಗುವ ನೂರೈವತ್ತು ಹೆಜ್ಜೆಯಲ್ಲಿ ಮಿರಿಮಿರಿ ಮಿಂಚುವ ಡಬ್ಬಿಯೊಳಗೆ ಸೇರಿ, ‘ಇಂಪೋರ್ಟೆಡ್ ಪ್ರೀಮಿಯಂ’ ಆಗಿ, ಇಪ್ಪತ್ತೆಂಟು ಸಾವಿರ ಬೆಲೆ ಹೊತ್ತು ಕೂರುತ್ತದೆ. ಅಷ್ಟಾದರೂ ಸಹಿಸಬಹುದಿತ್ತು. ಆ ಇಪ್ಪತ್ತೆಂಟು ಸಾವಿರದ ಕವರನ್ನು ಅವರು ಯಾರಿಗೂ ಮಾರುವುದಿಲ್ಲ, ‘ಫ್ರೀ’ ಕೊಡುತ್ತಾರೆ! ಗಾಡಿಯ ಬೆಲೆಯಲ್ಲಿ ಕಡಿತ ಕೇಳಿದವರ ಮೂಗಿಗೆ ಸವರುವ ತುಪ್ಪ ಅದು. ಇದನ್ನು ಕೇಳಿದ ದಿನ ನನಗೆ ಮೈ ಉರಿದುಹೋಯಿತು. ಅದಕ್ಕೆ ಕಾರಣವೂ ಇದೆ. ಎರಡು ವರ್ಷದ ಹಿಂದೆ ನಾನು ಕಾರು ಕೊಂಡಾಗ ನನಗೂ ಒಂದು ‘ಫ್ರೀ’ ಕವರು ಸಿಕ್ಕಿತ್ತು, ನಾನು ಅದನ್ನು ನೆಂಟರಿಗೆಲ್ಲ ತೋರಿಸಿ ಮೀಸೆ ತಿರುವಿದ್ದೆ.

ಪತ್ರಿಕೆಗೆ ಬರೆಯುವ ನಾನು ಅಕ್ಕನನ್ನು ಹುಡುಕಿಕೊಂಡು ಬಂದದ್ದು ಮಾತ್ರ ಹೊಲಿಗೆಗಾಗಿ ಅಲ್ಲ. ಹೊಸ ಗಾಡಿ ಕೊಳ್ಳಲು ಹೆದರುವ ಜನ ಈಕೆಯನ್ನು ಜೊತೆಗೆ ಕರೆದುಕೊಂಡು ಶೋರೂಮಿಗೆ ಹೋಗುತ್ತಾರೆ. ಬೆಲೆ ಇಳಿಸುವುದು, ಸಾಲದ ಕಾಗದ ಓದುವುದು, ಎಲ್ಲಿ ಸಹಿ ಹಾಕಬಾರದೆಂದು ಹೇಳುವುದು ಅಕ್ಕನ ಕೆಲಸ. ಸಂಬಳ ಒಂದು ಲೋಟ ಟೀ. ನಾಲ್ಕು ವರ್ಷದಲ್ಲಿ ಎಷ್ಟು ಜನರ ಜೊತೆ ಹೋಗಿದ್ದೀರಿ ಎಂದು ಕೇಳಿದರೆ ಅಕ್ಕ ಸುಮ್ಮನೆ ಕೈಯಾಡಿಸುತ್ತಾರೆ. ನಾದಿನಿ ರೆಕ್ಸಿನ್ನಿನಿಂದ ತಲೆಯೆತ್ತದೆ, “ಐವತ್ತು ದಾಟಿದೆ. ಒಬ್ಬರೂ ಒಂದು ಬಿಸ್ಕತ್ತಿನ ಪೊಟ್ಟಣ ತಂದಿಲ್ಲ,” ಎನ್ನುತ್ತಾರೆ.

ಇಂದು ಬೆಳಿಗ್ಗೆ ಹನ್ನೊಂದಕ್ಕೂ ಅಂಥದೊಂದು ಕರೆ ಇದೆ. ಆದರೆ ಇಂದಿನ ಮಾತು ಬೇರೆ. ಇಂದು ಹೋಗಬೇಕಾದ ದೊಡ್ಡ ಶೋರೂಮಿನ ಮ್ಯಾನೇಜರು ಹೋದ ವಾರ ಅಕ್ಕನನ್ನು ಗಾಜಿನ ಕೋಣೆಗೆ ಕರೆಸಿ ನಿಲ್ಲಿಸಿಯೇ ಹೇಳಿದ್ದಾರಂತೆ: ಇನ್ನೊಂದು ಸಲ ಗಿರಾಕಿ ಜೊತೆ ಬಂದರೆ ಹೊಲಿಗೆ ಕೆಲಸ ನಿಂತಿತು ಅಂತ ತಿಳ್ಕೊ. ಅಕ್ಕನ ದಿನದ ಮೂರು ಸೆಟ್ಟಿನಲ್ಲಿ ಎರಡು ಹೋಗುವುದು ಅಲ್ಲಿಗೇ. ಅದು ನಿಂತರೆ ಈ ಕೋಣೆಯ ಬಾಡಿಗೆ ಹುಟ್ಟುವುದೂ ಕಷ್ಟ.

“ಹಾಗಾದ್ರೆ ಇವತ್ತು ಹೋಗ್ತೀರಾ?” ಎಂದು ಕೇಳುತ್ತೇನೆ.

“ಬರ್ತೀನಿ ಅಂತ ಮಾತು ಕೊಟ್ಟಿದ್ದೀನಲ್ಲ,” ಎಂದು ಅಕ್ಕ ಗುಂಡುಸೂಜಿಯನ್ನು ಬಾಯಿಂದ ತೆಗೆಯುತ್ತಾರೆ.

“ಅತ್ತಿಗೆ ಮಾತು ಕೊಡೋದು, ಬಾಡಿಗೆ ನಾನು ಕೊಡೋದು,” ಎಂದು ನಾದಿನಿ ಗೊಣಗುತ್ತಾರೆ.

ಅಕ್ಕ ಎಡಚಿ. ಶಾಲೆಯಲ್ಲಿ ಎಡಗೈಯಲ್ಲಿ ಬರೆದಾಗಲೆಲ್ಲ ಮೇಷ್ಟ್ರು ಗೆಣ್ಣಿನ ಮೇಲೆ ಕೊಡುತ್ತಿದ್ದರಂತೆ. ಏಳನೇ ತರಗತಿಗೆ ಶಾಲೆ ಬಿಟ್ಟದ್ದಕ್ಕೆ ಅದೂ ಒಂದು ಕಾರಣ. ಹೊಲಿಗೆ ಕಲಿಸಿದ ದೊಡ್ಡಮ್ಮ ಮಾತ್ರ ಕೈ ತಿದ್ದಲು ಹೋಗಲಿಲ್ಲ. ಹಾಗಾಗಿ ಅಕ್ಕನ ಗಂಟು ಎಡದಿಂದ ಸುತ್ತಿಕೊಳ್ಳುತ್ತದೆ. ಓಣಿಯಲ್ಲಿ ಇನ್ನೂ ನಾಲ್ಕು ಜನ ಇದೇ ಅಳತೆಯ, ಇದೇ ಬಣ್ಣದ ಕವರು ಹೊಲಿಯುತ್ತಾರೆ. ಮೇಲಿನಿಂದ ನೋಡಿದರೆ ಯಾರದು ಯಾವುದೆಂದು ಹೊಲಿದವರಿಗೇ ಗೊತ್ತಾಗುವುದಿಲ್ಲ. ಅಡಿಗೆ ಕೈಹಾಕಿ ಗಂಟು ಮುಟ್ಟಿದರೆ ಅಕ್ಕನಿಗೆ ಕತ್ತಲಲ್ಲೂ ತಿಳಿಯುತ್ತದೆ.

ಆ ಗಂಟೇ ಒಂದು ದಿನ ಅವರ ಕಣ್ಣು ತೆರೆಸಿದ್ದು. ಐದು ವರ್ಷದ ಹಿಂದಿನ ಮಾತು. ಅಕ್ಕನ ಯಜಮಾನರು ಬಾಡಿಗೆಗೆ ಓಡಿಸಲೆಂದು ಒಂದು ಎಸ್‌ಯುವಿ ಕೊಂಡರು. ಹೆಂಡತಿಗೆ ಅಚ್ಚರಿ ಕೊಡಬೇಕೆಂಬ ಆಸೆಯಿಂದ ಒಬ್ಬರೇ ಹೋಗಿ ಸಹಿ ಹಾಕಿ ಬಂದರು. ಅಲ್ಲಿ ಕೇಳಿದ ಮೊದಲ ಪ್ರಶ್ನೆ, ತಿಂಗಳಿಗೆ ಎಷ್ಟು ಕಟ್ಟಬಲ್ಲಿರಿ. ಇವರು ಪ್ರಾಮಾಣಿಕವಾಗಿ ಹೇಳಿದರು. ಅವರು ಆ ಸಂಖ್ಯೆಗೆ ಸರಿಹೊಂದುವಂತೆ ಸಾಲವನ್ನು ಏಳು ವರ್ಷಕ್ಕೆ ಎಳೆದು, ಬಡ್ಡಿ ಏರಿಸಿ, ಮೇಲೆ ಒಂದು ವಿಮೆ, ಅದರ ಮೇಲೆ ಫೈಲ್ ಚಾರ್ಜು ಹೇರಿ, ಕೊನೆಗೆ ಕೈಕುಲುಕಿ ಒಂದು ‘ಫ್ರೀ’ ಕವರು ಹಾಕಿಕೊಟ್ಟರು. ಗಾಡಿ ಬಂದ ಎರಡನೇ ವಾರ ಯಾವುದೋ ಪ್ರಯಾಣಿಕರ ಮಗು ಹಿಂದಿನ ಸೀಟಿನಲ್ಲಿ ವಾಂತಿ ಮಾಡಿತು. ತೊಳೆಯಲೆಂದು ಅಕ್ಕ ಕವರು ಬಿಚ್ಚಲು ಅಡಿಗೆ ಕೈಹಾಕಿದರು.

“ನನ್ನದೇ ಗಂಟು! ಕಾಗದ ತೆಗೆದು ನೋಡ್ತೀನಿ, ಕವರಿಗೆ ಇಪ್ಪತ್ತೆರಡು ಸಾವಿರ ಅಂತ ಬರೆದು, ಫ್ರೀ ಅಂತ ಹೊಡೆದುಹಾಕಿದ್ದಾರೆ. ನಾನು ಹೊಲಿದು ಕೊಟ್ಟಿದ್ದನ್ನ ನಮ್ಮ ಮನೆಯವರಿಗೇ ದಾನ ಮಾಡಿದ್ರು ನೋಡಿ. ಅವತ್ತು ರಾತ್ರಿ ಮಾತ್ರ ಅಲ್ಲ, ಮೂರು ದಿನ ನನಗೆ ಊಟ ಸೇರ್ಲಿಲ್ಲ. ಮೋಸ ಕವರೊಂದರಲ್ಲೇ ಅಂದ್ಕೊಂಡು ಮಿಕ್ಕ ಕಾಗದಾನೂ ಓದ್ದೆ. ಓದಬಾರದಿತ್ತು.”

ಮೂರನೇ ವರ್ಷಕ್ಕೆ ಕಂತು ತಪ್ಪಿತು, ಗಾಡಿಯನ್ನು ಎಳೆದುಕೊಂಡು ಹೋದರು. ಅಷ್ಟು ದಿನ ಕಟ್ಟಿದ್ದರಲ್ಲಿ ಅಸಲಿಗೆ ಹೋದದ್ದು ನೆಪಮಾತ್ರಕ್ಕೆ. ಯಜಮಾನರು ಈಗ ಬೇರೆಯವರ ಗಾಡಿ ಓಡಿಸುತ್ತಾರೆ. ನಾನು ಅವರ ಮನೆಗೆ ಹೋದಾಗ ಅವರು ಟೀ ಕುಡಿದು ಹೊರಡುವ ಆತುರದಲ್ಲಿದ್ದರು. ಹಳೆಯ ಮಾತು ಬಂದದ್ದೇ ತಡ, “ನನ್ನ ಕಿವಿಗೆ ಹೂ ಇಟ್ರು ಅಂತ ಪೇಪರಲ್ಲಿ ಬರೀಬೇಡಿ ಮತ್ತೆ,” ಎಂದು ನಕ್ಕು ಲೋಟ ಕೆಳಗಿಟ್ಟರು. ಆ ನಗು ನನ್ನನ್ನು ತುಂಬ ಹೊತ್ತು ಕಾಡಿತು. ಮೋಸ ಹೋದವನಿಗೇ ನಾಚಿಕೆ, ಮೋಸ ಮಾಡಿದವರಿಗೆ ತಿಂಗಳ ಬಹುಮಾನ.

ಆ ಕಾಗದಗಳನ್ನು ಓದಿ ಓದಿಯೇ ಅಕ್ಕ ಈ ವಿದ್ಯೆ ಕಲಿತರು. ಶೋರೂಮಿನ ಹಿಂದಿನ ಶೆಡ್ಡಿನಲ್ಲಿ ಕವರು ತೊಡಿಸುವಾಗ ಪಕ್ಕದಲ್ಲೇ ಕಾಯುತ್ತ ಕೂತ ಗಿರಾಕಿಗಳನ್ನು ಮಾತಾಡಿಸಿದರು. ಯಾರಿಗೆ ಎಷ್ಟು ಬಿಟ್ಟರು, ಯಾರ ಬಡ್ಡಿ ಎಷ್ಟು ಎಂದು ಕೇಳಿ ತಿಳಿದುಕೊಂಡರು. ಒಂದೇ ಗಾಡಿ, ಒಂದೇ ವಾರ, ಒಬ್ಬರಿಗೆ ಎಪ್ಪತ್ತು ಸಾವಿರ ಕಡಿಮೆ, ಇನ್ನೊಬ್ಬರಿಗೆ ಒಂದು ಛತ್ರಿ! ಜೋರಾಗಿ ಮಾತಾಡುವವರಿಗೆ ಒಂದು ಬೆಲೆ, ಮೆತ್ತಗಿನವರಿಗೆ ಇನ್ನೊಂದು. ಇದಕ್ಕೆ ವ್ಯಾಪಾರ ಅನ್ನುವ ಗೌರವದ ಹೆಸರು ಬೇರೆ.

ಅಕ್ಕನ ಪಾಠ ಚಿಕ್ಕದು. ತಿಂಗಳ ಕೊನೆಗೆ ಹೋಗಿ, ಅವರಿಗೆ ಗುರಿ ಮುಟ್ಟುವ ಅವಸರ ಇರುತ್ತದೆ. ಸಾಲದ ಪತ್ರವನ್ನು ಬೇರೆ ಕಡೆಯಿಂದ ಮೊದಲೇ ತಂದು ಚೀಲದಲ್ಲಿಟ್ಟುಕೊಳ್ಳಿ. ಗಾಡಿಯ ಬಾಗಿಲ ಚೌಕಟ್ಟಿನ ಮೇಲಿನ ಚೀಟಿಯಲ್ಲಿ ಅದು ತಯಾರಾದ ತಿಂಗಳು ನೋಡಿ, ಹಳೆಯ ಸ್ಟಾಕಾದರೆ ಬೆಲೆ ಇಳಿಸಲೇಬೇಕು. “ಆಮೇಲೆ ಒಂದೇ ಒಂದು. ತಿಂಗಳಿಗೆ ಎಷ್ಟು ಕಟ್ತೀರಿ ಅಂತ ಕೇಳಿದ್ರೆ ಬಾಯಿಗೆ ಬೀಗ ಹಾಕ್ಕೊಳ್ಳಿ. ಆ ನಂಬರ್ ಅವರ ಕೈಗೆ ಸಿಕ್ತು ಅಂದ್ರೆ ಮಿಕ್ಕಿದ್ದೆಲ್ಲ ಅವರೇ ಹೊಲಿದುಬಿಡ್ತಾರೆ, ನಿಮ್ಮ ಅಳತೆಗೆ ಸರಿಯಾಗಿ.”

ಸೀಟು ಕವರಿನ ವಿಷಯ ಮಾತ್ರ ಅಕ್ಕ ಶೋರೂಮಿನಲ್ಲಿ ಎಂದೂ ಎತ್ತಿದವರಲ್ಲ. ಐವತ್ತು ಸಲ ಹೋದಾಗಲೂ ಬೆಲೆ, ಬಡ್ಡಿ, ತಾರೀಖು ಎಲ್ಲ ಮಾತಾಡಿ, ಕವರಿನ ಸಾಲು ಬಂದಾಗ ಬೇರೆಡೆ ನೋಡಿದ್ದಾರೆ. ಅದು ಅನ್ನದ ಪ್ರಶ್ನೆ.

ಒಂಬತ್ತಕ್ಕೆ ಶೋರೂಮಿನ ಗಾಡಿ ಬಂದು ಮೂರು ದಿನದ ಆರು ಸೆಟ್ ತುಂಬಿಕೊಂಡು ಹೋಗುತ್ತದೆ. ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಬಸ್ ಡ್ರೈವರೊಬ್ಬರು ಹೆಂಡತಿಯೊಂದಿಗೆ ಓಣಿಗೆ ಬರುತ್ತಾರೆ. ಮೂವತ್ತೆರಡು ವರ್ಷ ಊರೂರಿಗೆ ಬಸ್ಸು ಓಡಿಸಿ ಕಳೆದ ತಿಂಗಳು ನಿವೃತ್ತರಾದವರು. ಇಷ್ಟು ವರ್ಷ ಸ್ಟೀರಿಂಗ್ ಹಿಡಿದರೂ ಸ್ವಂತದ್ದೊಂದು ಚಕ್ರ ಇಲ್ಲ. ಹೆಂಡತಿಗೆ ಎರಡೂ ಮಂಡಿಯ ಶಸ್ತ್ರಚಿಕಿತ್ಸೆ ಆಗಿದೆ. ತಗ್ಗಿನ ಕಾರಿನೊಳಗೆ ಇಳಿದು ಕೂರಲು, ಎದ್ದು ಬರಲು ಆಗುವುದಿಲ್ಲ. ಎತ್ತರದ ಸೀಟಿನ ಎಸ್‌ಯುವಿಯೇ ಆಗಬೇಕೆಂದು ಡಾಕ್ಟರರಿಗಿಂತ ಮೊದಲು ಮಂಡಿಯೇ ಹೇಳಿದೆ. ಬೆಲೆ ಹದಿನಾಲ್ಕು ಲಕ್ಷ. ನಿವೃತ್ತಿಯ ಹಣದಲ್ಲಿ ಎಂಟು ಲಕ್ಷ ಇದೆ. ಉಳಿದ ಆರಕ್ಕೆ ಅಕ್ಕನ ಮಾತಿನಂತೆ ನೌಕರರ ಸಹಕಾರ ಸಂಘದಿಂದ ಮಂಜೂರಾತಿ ಪತ್ರ ಬಂದಿದೆ. ಡ್ರೈವರಪ್ಪ ಅದನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಒಳಜೇಬಿನಲ್ಲಿಟ್ಟು ಪದೇಪದೇ ಮುಟ್ಟಿ ನೋಡಿಕೊಳ್ಳುತ್ತಿದ್ದಾರೆ.

“ಹದಿನೆಂಟು ಟನ್ ಬಸ್ಸನ್ನ ಘಾಟಿ ಇಳಿಸಿದೋನು ನಾನು. ಅಲ್ಲಿ ಗಾಜಿನ ಬಾಗಿಲು ನೋಡಿದ್ರೆ ವಾಪಸ್ ಹೋಗ್ಬಿಡೋಣ ಅನ್ಸುತ್ತೆ ಕಣಕ್ಕಾ,” ಎನ್ನುತ್ತಾರೆ.

“ನಾನು ಕೆಮ್ಮಿದ್ರೆ ನೀವು ನೀರು ಕುಡೀರಿ. ಅಷ್ಟೆ,” ಎನ್ನುತ್ತಾರೆ ಅಕ್ಕ. ನನಗೆ ಡ್ರೈವರಪ್ಪನ ತಮ್ಮನ ಪಾತ್ರ ಕೊಟ್ಟಿದ್ದಾರೆ. ಮಾತಿಲ್ಲದ ಪಾತ್ರ.

ಒಳಗೆ ಕಾಲಿಟ್ಟರೆ ತಣ್ಣನೆ ಗಾಳಿ, ನಾಲ್ಕು ಲೋಟ ಜ್ಯೂಸು, ಬೆಣ್ಣೆ ಹಚ್ಚಿದಂಥ ಮಾತು. ಮಾರಾಟದ ಹುಡುಗಿ ಕುರ್ಚಿ ಎಳೆದು ಕೊಟ್ಟು, ಕುಶಲ ವಿಚಾರಿಸಿ, ನಗುತ್ತಲೇ ಕೇಳುತ್ತಾಳೆ: “ಸರ್, ತಿಂಗಳಿಗೆ ಎಷ್ಟು ಕಟ್ಟೋಕೆ ಅನುಕೂಲ ಆಗುತ್ತೆ?”

ಡ್ರೈವರಪ್ಪ ಬಾಯಿ ತೆರೆಯುತ್ತಾರೆ. ಅಕ್ಕ ಕೆಮ್ಮುತ್ತಾರೆ. ಡ್ರೈವರಪ್ಪ ಒಂದೇ ಗುಟುಕಿಗೆ ಇಡೀ ಲೋಟ ಖಾಲಿ ಮಾಡುತ್ತಾರೆ. “ಮೊದಲು ಗಾಡಿ ಬೆಲೆ ಹೇಳಿಯಮ್ಮಾ,” ಎಂದು ಬಾಯಿ ಒರೆಸಿಕೊಳ್ಳುತ್ತಾರೆ.

ಬಣ್ಣದ ಹಾಳೆಯೊಂದು ಮೇಜಿನ ಮೇಲೆ ಬರುತ್ತದೆ. ಕೆಳಗೆ ಕೆಂಪಕ್ಷರದಲ್ಲಿ ‘ನಿಮ್ಮ ಒಟ್ಟು ಲಾಭ ತೊಂಬತ್ತು ಸಾವಿರ’. ಡ್ರೈವರಪ್ಪನ ಹೆಂಡತಿಯ ಮುಖ ಅರಳುತ್ತದೆ. ಅಕ್ಕ ಹಾಳೆಯನ್ನು ಬೋರಲು ಹಾಕಿ, ಹಿಂಬದಿಯ ಖಾಲಿ ಜಾಗದಲ್ಲಿ ಪೆನ್ಸಿಲಿನಿಂದ ಮೂರು ಸಾಲು ಬರೆಯುತ್ತಾರೆ. ಗಾಡಿಯ ಬೆಲೆ. ದುಡ್ಡಿನಲ್ಲಿ ಕಡಿತ. ಸಾಲ ತೀರುವ ಹೊತ್ತಿಗೆ ಕೈಯಿಂದ ಹೋಗುವ ಒಟ್ಟು ಹಣ. “ಈ ಮೂರು ತುಂಬಿಸಿ ಕೊಡಿ ಪುಟ್ಟಾ. ನಾಲ್ಕನೇದು ಬೇಡ,” ಎನ್ನುತ್ತಾರೆ. ಹುಡುಗಿ ಪೆನ್ನು ಹಿಡಿದು ಕೂತವಳು ಎದ್ದು ಗಾಜಿನ ಕೋಣೆಯ ಕಡೆ ಹೋಗುತ್ತಾಳೆ.

ಮ್ಯಾನೇಜರು ಬರುತ್ತಾರೆ. ಅಕ್ಕನನ್ನು ನೋಡಿ ಹುಬ್ಬು ಗಂಟಿಕ್ಕುತ್ತಾರೆ. “ಏನಮ್ಮಾ, ಮೊನ್ನೆ ಹೇಳಿದ್ದು ಮರೆತುಹೋಯ್ತಾ?”

“ಮರೆತಿಲ್ಲ ಸರ್,” ಎನ್ನುತ್ತಾರೆ ಅಕ್ಕ. ದನಿ ಸಣ್ಣದಾಗಿದೆ. ಮೇಜಿನ ಕೆಳಗೆ ಎಡಗೈ ಸೆರಗಿನ ತುದಿ ಸುತ್ತುತ್ತಿರುವುದು ನನಗೆ ಕಾಣುತ್ತದೆ.

ಮ್ಯಾನೇಜರು ಅಕ್ಕನಿಗೆ ಬೆನ್ನು ತಿರುಗಿಸಿ ಡ್ರೈವರಪ್ಪನ ಹೆಗಲ ಮೇಲೆ ಕೈಯಿಡುತ್ತಾರೆ. ಸಂಘದ ಪತ್ರ ನೋಡಿ ತಲೆದೂಗುತ್ತಾರೆ. “ಯಜಮಾನ್ರೇ, ಸಂಘದಲ್ಲಿ ನೀವು ತಿಂಗಳಿಗೆ ಹನ್ನೆರಡು ಸಾವಿರದ ಮುನ್ನೂರ ಹತ್ತು ಕಟ್ಟಬೇಕು. ನಮ್ಮಲ್ಲಿ ಹತ್ತು ಸಾವಿರದ ನೂರ ತೊಂಬತ್ತೈದು. ಎರಡು ಸಾವಿರ ಉಳೀತು. ಮೇಲೆ ಮೂವತ್ತು ಸಾವಿರ ಕ್ಯಾಶ್ ಡಿಸ್ಕೌಂಟು. ಯಾವುದು ಒಳ್ಳೇದು ನೀವೇ ಹೇಳಿ.”

ಒಳ್ಳೆಯದೇ ಅನ್ನಿಸುತ್ತದೆ. ನನಗೂ ಅನ್ನಿಸಿತು. ಡ್ರೈವರಪ್ಪ ಹೆಂಡತಿಯ ಮುಖ ನೋಡುತ್ತಾರೆ, ಹೆಂಡತಿ ಮಂಡಿ ಸವರಿಕೊಳ್ಳುತ್ತಾರೆ.

ಅಕ್ಕ ಫೋನಿನಲ್ಲಿ ಗುಣಿಸಿ ಮೇಜಿನ ಮೇಲೆ ಇಡುತ್ತಾರೆ. “ಸಂಘದ್ದು ಅರವತ್ತು ತಿಂಗಳು. ಒಟ್ಟು ಏಳು ಲಕ್ಷದ ಮೂವತ್ತೆಂಟು ಸಾವಿರದ ಆರು ನೂರು. ಇವರದ್ದು ಎಂಬತ್ತನಾಲ್ಕು ತಿಂಗಳು. ಎಂಟು ಲಕ್ಷದ ಐವತ್ತಾರು ಸಾವಿರದ ಮುನ್ನೂರ ಎಂಬತ್ತು. ಮೂವತ್ತು ಸಾವಿರ ಕೊಟ್ಟು ಒಂದು ಲಕ್ಷದ ಹದಿನೇಳು ಸಾವಿರ ಹೆಚ್ಚಿಗೆ ತಗೋತಾರೆ.”

“ಅಮ್ಮಾ, ಅದು ಐದು ವರ್ಷ, ಇದು ಏಳು ವರ್ಷ!”

“ಅದನ್ನೇ ಸರ್ ನಾನೂ ಹೇಳ್ತಿರೋದು. ಅವರಿಗೀಗ ಅರವತ್ತು. ಅರವತ್ತೇಳರವರೆಗೆ ಪೆನ್ಷನ್‌ನಲ್ಲಿ ನಿಮಗೆ ಕಟ್ತಾ ಕೂರಬೇಕಾ?”

ಸಾಲ ಸಂಘದ್ದೇ ಎಂದು ಡ್ರೈವರಪ್ಪ ಗಟ್ಟಿ ಮನಸ್ಸು ಮಾಡುತ್ತಾರೆ. ಮ್ಯಾನೇಜರು ಮೂವತ್ತು ಸಾವಿರದ ಸಾಲಿಗೆ ಅಡ್ಡಗೆರೆ ಎಳೆಯುತ್ತಾರೆ. ನಮ್ಮ ಸಾಲ ಇಲ್ಲದಿದ್ದರೆ ನಗದು ಕಡಿತ ಇಲ್ಲ, ಆದರೂ ಅರವತ್ತು ಸಾವಿರದ ಫ್ರೀ ಇದ್ದೇ ಇದೆಯಲ್ಲ ಎನ್ನುತ್ತಾರೆ. ಮ್ಯಾಟು, ಮಡ್‌ಗಾರ್ಡು, ಸೆಂಟಿನ ಸೀಸೆ ಸೇರಿ ಹದಿನೇಳು. ಸರ್ವೀಸ್ ಪ್ಯಾಕೇಜು ಹದಿನೈದು. “ಸೀಟ್ ಕವರೇ ಇಪ್ಪತ್ತೆಂಟು ಸಾವಿರದ್ದು. ಇಂಪೋರ್ಟೆಡ್. ಬನ್ನಿ ಅಮ್ಮಾ, ಮುಟ್ಟಿ ನೋಡಿ.”

ಪ್ರದರ್ಶನಕ್ಕಿಟ್ಟ ಎಸ್‌ಯುವಿಯ ಬಾಗಿಲು ತೆರೆಯುತ್ತದೆ. ಡ್ರೈವರಪ್ಪನ ಹೆಂಡತಿ ಸೀಟಿನ ಅಂಚಿನ ಜೋಡಿ ಹೊಲಿಗೆಯ ಮೇಲೆ ಬೆರಳಾಡಿಸುತ್ತಾರೆ. “ಎಷ್ಟು ಚೆನ್ನಾಗಿ ಹೊಲಿದಿದ್ದಾರೆ ನೋಡ್ರೀ. ಒಂದು ಕಡೆ ಅಂಕುಡೊಂಕಿಲ್ಲ. ನಮ್ಮೋರಿಗೆ ಇಂಥ ಕೈ ಎಲ್ಲಿಂದ ಬರ್ಬೇಕು!”

ಅಕ್ಕ ಎದ್ದು ನಿಲ್ಲುತ್ತಾರೆ. ಮ್ಯಾನೇಜರರ ಕಣ್ಣು ಅಕ್ಕನ ಮೇಲಿದೆ, ಬೇಡ ಎನ್ನುವಂತೆ ತಲೆ ಸ್ವಲ್ಪವೇ ಆಡುತ್ತದೆ. ಈ ಹೆಂಗಸು ಈಗ ಬಾಯಿ ಮುಚ್ಚಿಕೊಂಡಿದ್ದರೆ ನಾಳೆಯೂ ಎರಡು ಸೆಟ್ ಹೊಲಿಯಬಹುದು, ಬಾಡಿಗೆ ಕಟ್ಟಬಹುದು ಎಂದು ನನಗೆ ಗೊತ್ತು. ಅವರಿಗೆ ನನಗಿಂತ ಚೆನ್ನಾಗಿ ಗೊತ್ತು.

ಅಕ್ಕ ಚಪ್ಪಲಿ ಬಿಟ್ಟು, ಹೊಳೆಯುವ ನೆಲದ ಮೇಲೆ ಮಂಡಿಯೂರಿ, ಸೀಟಿನ ಅಡಿಗೆ ಕೈ ತೂರಿಸುತ್ತಾರೆ. ಎಲಾಸ್ಟಿಕ್ಕಿನ ತುದಿಯನ್ನು ಹೊರಗೆಳೆದು ತೋರಿಸುತ್ತಾರೆ. “ಇದು ಎಡಗೈ ಗಂಟು. ನನ್ನದು. ಹಿಂದಿನ ಓಣೀಲಿ, ಮೂರನೇ ಷಟರು. ಇದಕ್ಕೆ ಇವರು ನನಗೆ ಕೊಡೋದು ನಾಲ್ಕು ಸಾವಿರದ ಇನ್ನೂರು.” ನಂಬಿಕೆ ಬರಲೆಂದು ಚೀಲದಿಂದ ಎಲಾಸ್ಟಿಕ್ ತುಂಡೊಂದನ್ನು ತೆಗೆದು, ಎಲ್ಲರ ಕಣ್ಣೆದುರೇ ಮೂರು ಸುತ್ತು ಸುತ್ತಿ ಎಳೆದು ಪಕ್ಕದಲ್ಲಿ ಹಿಡಿಯುತ್ತಾರೆ. ಎರಡು ಗಂಟೂ ಒಂದೇ ಅಚ್ಚು.

ಮಾರಾಟದ ಹುಡುಗಿ ಬಗ್ಗಿ ನೋಡುತ್ತಾಳೆ. “ಹೌದಲ್ಲ ಸರ್,” ಎಂದುಬಿಟ್ಟು ನಾಲಿಗೆ ಕಚ್ಚಿಕೊಳ್ಳುತ್ತಾಳೆ. ಮ್ಯಾನೇಜರರ ಮುಖ ಹುಳ್ಳಗಾಗುತ್ತದೆ.

ಆಮೇಲೆ ಮಾತಾಡುವವರು ಡ್ರೈವರಪ್ಪ. ಬಸ್ಸಿನಲ್ಲಿ ಫುಟ್‌ಬೋರ್ಡಿನ ಮೇಲೆ ನಿಂತವರನ್ನು ಒಳಗೆ ಕಳಿಸುವ ದನಿ ಅದು. “ಕವರು ಬೇಡ. ಮ್ಯಾಟು ಬೇಡ. ಸೆಂಟೂ ಬೇಡ, ನಮ್ಮ ಮನೇಲಿ ಯಾರೂ ನಾರಲ್ಲ. ಅದನ್ನೆಲ್ಲ ತೆಗೆದು ದುಡ್ಡಲ್ಲಿ ಎಷ್ಟು ಬಿಡ್ತೀರಿ ಹೇಳಿ.” ಗಾಡಿ ತಯಾರಾಗಿ ಹತ್ತು ತಿಂಗಳಾಗಿದೆ ಎಂದು ಬಾಗಿಲ ಚೌಕಟ್ಟಿನ ಚೀಟಿ ಹೇಳುತ್ತಿದೆ. ಇಂದು ಇಪ್ಪತ್ತೊಂಬತ್ತನೇ ತಾರೀಖು. ಮುಕ್ಕಾಲು ಗಂಟೆ ಹಗ್ಗಜಗ್ಗಾಟ ನಡೆಯುತ್ತದೆ, ಎರಡು ಸಲ ನಾವು ಎದ್ದು ಬಾಗಿಲವರೆಗೆ ಹೋಗುತ್ತೇವೆ, ಎರಡು ಸಲ ಹುಡುಗಿ ಓಡಿಬಂದು ಕರೆಯುತ್ತಾಳೆ. ಕೊನೆಗೆ ಪೆನ್ಸಿಲಿನ ಎರಡನೇ ಸಾಲಿನಲ್ಲಿ ಬೀಳುವ ಸಂಖ್ಯೆ ಅರವತ್ತೆರಡು ಸಾವಿರ. ಬರಿಯ ದುಡ್ಡು, ಸಾಲ ಸಂಘದ್ದು. ನಗದು ಕಡಿತ ಇಲ್ಲವೇ ಇಲ್ಲ ಎಂದು ಗೆರೆ ಎಳೆದ ಅದೇ ಪೆನ್ನಿನಿಂದ ಮ್ಯಾನೇಜರು ಅದಕ್ಕೆ ಸಹಿ ಹಾಕುತ್ತಾರೆ. ಎಲ್ಲಿತ್ತು ಸ್ವಾಮಿ ಈ ಹಣ ಇಷ್ಟು ಹೊತ್ತು? ಕೆಮ್ಮುವ ಅಕ್ಕ ಇಲ್ಲದೆ ಬರುವ ಜನರ ಪಾಲಿನ ಇದೇ ಹಣ ದಿನವೂ ಯಾರ ಜೇಬಿಗೆ ಹೋಗುತ್ತದೆ?

ಬಾಗಿಲ ಬಳಿ ಮ್ಯಾನೇಜರು ಅಕ್ಕನನ್ನು ತಡೆಯುತ್ತಾರೆ. “ನಾಳೆಯಿಂದ ಹೊಲಿಗೆ ಬೇಡ. ನನ್ನ ಮೇಲೂ ಒಬ್ರಿದ್ದಾರಮ್ಮಾ,” ಎನ್ನುತ್ತಾರೆ. ಅಕ್ಕ ಚಪ್ಪಲಿ ಮೆಟ್ಟಿಕೊಂಡು, “ಸರಿ ಸರ್,” ಎನ್ನುತ್ತಾರೆ. ಅಷ್ಟೆ. ನಾನು ಏನಾದರೂ ಕೂಗಾಡಬೇಕೆಂದು ಬಾಯಿ ತೆರೆದರೆ ಅಕ್ಕ ಕೆಮ್ಮುತ್ತಾರೆ.

ಸಂಜೆ ಐದಕ್ಕೆ ಬೆಳಿಗ್ಗೆ ಬಂದ ಅದೇ ಗಾಡಿ ಮತ್ತೆ ಓಣಿಗೆ ಬರುತ್ತದೆ. ಆರು ಸೆಟ್ಟನ್ನೂ ಷಟರಿನ ಮುಂದೆ ಇಳಿಸಿ ಹೋಗುತ್ತದೆ. ಇಪ್ಪತ್ತೈದು ಸಾವಿರಕ್ಕೂ ಮೀರಿದ ಸರಕು, ಅದರ ರೆಕ್ಸಿನ್ನಿಗೆ ಕೊಟ್ಟದ್ದು ಅಕ್ಕನದೇ ಹಣ. ನಾದಿನಿ ಒಂದೊಂದನ್ನೇ ಒಳಗೆಳೆದುಕೊಳ್ಳುತ್ತ ಅತ್ತಿಗೆಯನ್ನು ಬಾಯಿಗೆ ಬಂದಂತೆ ಬೈಯುತ್ತಾರೆ, ಬೈಯುತ್ತಲೇ ಅಳುತ್ತಾರೆ. ಆಮೇಲೆ ಥಟ್ಟನೆ ನಿಂತು, “ಅವನ ಮುಖ ಹೇಗಾಯ್ತು? ಸರಿಯಾಗಿ ಹೇಳಿ,” ಎಂದು ನನ್ನನ್ನು ಕೇಳುತ್ತಾರೆ. ನಾನು ಮಾಡಿ ತೋರಿಸುತ್ತೇನೆ. ಅಕ್ಕನಿಗೂ ನಗು ಬರುತ್ತದೆ.

ಅಂದು ಮನೆಗೆ ಬಂದವನೇ ನಾನು ನನ್ನ ಕಾರಿನ ಸೀಟಿನ ಅಡಿಗೆ ಕೈಹಾಕಿ ನೋಡಿದೆ. ಬಲಗೈ ಗಂಟು. ಅಕ್ಕನದಲ್ಲ, ಇನ್ಯಾರದೋ. ಎರಡು ವರ್ಷ ಅದರ ಮೇಲೆ ಕೂತು ಓಡಾಡಿದ್ದೇನೆ, ಹೊಲಿದ ಜೀವವೊಂದಿದೆ ಎಂದು ಒಂದು ದಿನವೂ ನೆನಪಾಗಿರಲಿಲ್ಲ. ನನಗೆ ನನ್ನ ಮೇಲೇ ಸಿಟ್ಟು ಬಂತು.

ಒಂಬತ್ತು ದಿನದ ನಂತರ ನಾನು ಮತ್ತೆ ಓಣಿಯಲ್ಲಿದ್ದೇನೆ. ದಿನಕ್ಕೆ ಮೂರು ಸೆಟ್ ಇದ್ದಲ್ಲಿ ಈಗ ಒಂದು. ಯಜಮಾನರು ಭಾನುವಾರವೂ ಗಾಡಿ ಓಡಿಸುತ್ತಿದ್ದಾರೆ. ವಾಪಸು ಬಂದ ಆರು ಸೆಟ್ಟಿನಲ್ಲಿ ಎರಡು ಮಾರಿಹೋಗಿವೆ, ನಾಲ್ಕು ಗೋಡೆಗೆ ಒರಗಿವೆ. ಮುಂದೇನು ಎಂದು ಕೇಳಿದರೆ ಅಕ್ಕ, “ಗೊತ್ತಿಲ್ಲ. ಮುಂದಿನ ತಿಂಗಳ ಬಾಡಿಗೆ ಇದೆ, ಅದರಾಚೆದು ಇಲ್ಲ,” ಎನ್ನುತ್ತಾರೆ. ಆ ಮಾತಿನಲ್ಲಿ ಗೋಳಿಲ್ಲ, ಭರವಸೆಯೂ ಇಲ್ಲ.

ಅಷ್ಟರಲ್ಲಿ ಓಣಿಯ ಇಕ್ಕಟ್ಟಿನಲ್ಲಿ ಬಿಳಿಯ ಎಸ್‌ಯುವಿಯೊಂದು ಎರಡೂ ಬದಿ ಒಂದೊಂದು ಗೇಣು ಜಾಗ ಬಿಟ್ಟುಕೊಂಡು ಹಿಮ್ಮುಖವಾಗಿ ಬರುತ್ತದೆ. ಅಷ್ಟು ಸಲೀಸಾಗಿ ಹಿಂದಕ್ಕೆ ಬರಬಲ್ಲವರು ಮೂವತ್ತೆರಡು ವರ್ಷ ಬಸ್ಸು ಓಡಿಸಿದವರೇ ಇರಬೇಕು. ಡ್ರೈವರಪ್ಪ ಇಳಿದು ಹೆಂಡತಿಯ ಬಾಗಿಲು ತೆರೆಯುತ್ತಾರೆ. ಕೈಯಲ್ಲಿ ಬಿಸ್ಕತ್ತಿನ ಪೊಟ್ಟಣ. ನಾದಿನಿ ಅದನ್ನು ಎರಡು ಕೈಯಲ್ಲಿ ಈಸಿಕೊಂಡು, ಇತಿಹಾಸದಲ್ಲಿ ಮೊದಲು ಎಂದು ಘೋಷಿಸುತ್ತಾರೆ.

ಅವರು ಬಂದದ್ದು ಅಕ್ಕನ ಕವರು ಹಾಕಿಸಲು. ಎರಡು ಗಂಟೆಯ ಕೆಲಸ. ಎಡಬದಿಯ ಮುಂದಿನ ಸೀಟಿಗೆ ಮಾತ್ರ ಅಕ್ಕ ಒಂದೂವರೆ ಬೆರಳು ದಪ್ಪದ ಸ್ಪಂಜು ಹೆಚ್ಚಿಗೆ ಕೊಟ್ಟಿದ್ದಾರೆ. ಡ್ರೈವರಪ್ಪನ ಹೆಂಡತಿ ಒಮ್ಮೆ ಕೂತು, ಎದ್ದು, ಮತ್ತೆ ಕೂರುತ್ತಾರೆ. ಮೂರನೇ ಸಲ ಬಾಗಿಲನ್ನು ಹಿಡಿಯದೆಯೇ ಇಳಿಯುತ್ತಾರೆ. ಆಮೇಲೆ ಅವರು ಮಾಡಿದ್ದು ನಾನು ಮರೆಯಲಾರದ್ದು. ಆಪರೇಷನ್ ಆದ ಮಂಡಿಯನ್ನೂ ಲೆಕ್ಕಿಸದೆ ಬಗ್ಗಿ, ಸೀಟಿನ ಅಡಿಗೆ ಕೈ ತೂರಿಸಿ ಗಂಟನ್ನು ಮುಟ್ಟಿ ನೋಡುತ್ತಾರೆ. “ಅವತ್ತು ಅಂದಿದ್ದನ್ನ ವಾಪಸ್ ತಗೊಂಡೆ ಕಣವ್ವಾ,” ಎನ್ನುತ್ತಾರೆ.

ಅಕ್ಕ ಒಂದು ಚೀಟಿ ಬರೆದು ಕೊಡುತ್ತಾರೆ. ಹದಿನೇಳು ವರ್ಷದಲ್ಲಿ ತಾವೇ ಬರೆದ ಮೊದಲ ಬಿಲ್ಲು. ಎಡಗೈ ಬರಹ, ಅಕ್ಷರಗಳು ಹಿಂದಕ್ಕೆ ವಾಲಿವೆ. ರೆಕ್ಸಿನ್ ಎರಡು ಸಾವಿರದ ಮುನ್ನೂರ ಐವತ್ತು. ಸ್ಪಂಜು, ದಾರ ಒಂದು ಸಾವಿರದ ನೂರ ಐವತ್ತು. ಹೊಲಿಗೆ ಏಳು ನೂರು. ‘ಹೊಲಿಗೆ’ ಎಂಬ ಸಾಲಿನ ಕೆಳಗೆ ಗೆರೆ ಎಳೆದಿದ್ದಾರೆ.

ಡ್ರೈವರಪ್ಪ ಚೀಟಿಯನ್ನು ಮೇಲಿನಿಂದ ಕೆಳಗೆ ಓದಿ, ಕನ್ನಡಕ ಸರಿಪಡಿಸಿಕೊಂಡು, ಗುರುವಿಗೇ ತಿರುಮಂತ್ರ ಹಾಕುವ ಹುರುಪಿನಿಂದ ಗಂಟಲು ಸರಿಮಾಡಿಕೊಳ್ಳುತ್ತಾರೆ. “ದುಡ್ಡಲ್ಲಿ ಎಷ್ಟು ಬಿಡ್ತೀರಿ ಅಕ್ಕಾ?”

ಎಲ್ಲರೂ ನಗುತ್ತೇವೆ. ಅಕ್ಕನೂ ನಗುತ್ತಾರೆ. ಆಮೇಲೆ ಕತ್ತರಿಯನ್ನು ಮೇಜಿನ ಮೇಲಿಟ್ಟು, ನಗು ಮುಖದಲ್ಲಿರುವಾಗಲೇ ಹೇಳುತ್ತಾರೆ:

“ಬಟ್ಟೇಲಿ ಕೇಳಿ, ಕೊಡ್ತೀನಿ. ಸ್ಪಂಜಲ್ಲಿ ಕೇಳಿ, ಕೊಡ್ತೀನಿ. ಹೊಲಿಗೇಲಿ ಮಾತ್ರ ಕೇಳ್ಬೇಡಿ ಅಣ್ಣಾ. ಅದು ಇಷ್ಟು ವರ್ಷ ಫ್ರೀ ಅಂತಾನೇ ಹೋಗಿದೆ.”